ಅಪ್ಪನ ಎಡಗಾಲಿನ ಚಪ್ಪಲಿ

ಹೋದ ವರ್ಷ ಗೌರಿ ಹಬ್ಬದ ಹಿಂದಿನ ದಿನ. ಅಪ್ಪ ಉಗ್ರಾಣದಿಂದ ಹಿತ್ತಾಳೆ ಪಾತ್ರೆಗಳನ್ನ ಹೊರಗೆ ತರ್ತಾ ಇದ್ರು. ನಮ್ಮದು ಅರಸೀಕೆರೆಯ ಹಳೇ ಮನೆ. ಉಗ್ರಾಣದ ಬಾಗಿಲು ತುಂಬಾ ತಗ್ಗು. ಆ ಬಾಗಿಲಿಗೆ ಒಮ್ಮೆಯಾದ್ರೂ ತಲೆ ಹೊಡೆಸಿಕೊಳ್ಳದವರು ನಮ್ಮ ಮನೇಲಿ ಯಾರೂ ಇಲ್ಲ. ಅಪ್ಪನೂ ಅವತ್ತು ಹೊಡೆಸಿಕೊಂಡರು. ರಕ್ತ ಬರಲಿಲ್ಲ, ತಲೆ ಸುತ್ತಲಿಲ್ಲ. ಅಮ್ಮ ಒಂದಿಷ್ಟು ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿದರು. ಎರಡು ನಿಮಿಷ ಕೂತಿದ್ದು, "ಏನಾಗಿಲ್ಲ ಬಿಡೇ" ಅಂತ ಎದ್ದು ಅಪ್ಪ ಮಾವಿನ ತೋರಣ ಕಟ್ಟೋಕೆ ಹೋದರು. ನಾನು ಅಲ್ಲೇ ನಿಂತಿದ್ದೆ. ನೋಡಿ ನಕ್ಕಿದ್ದೆ ಕೂಡ.

ಹಬ್ಬ ಮುಗಿಸಿ ನಾನು, ನನ್ನ ಹೆಂಡತಿ ಬೆಂಗಳೂರಿಗೆ ವಾಪಸ್ ಬಂದ್ವಿ. ಮತ್ತೆ ಅದೇ ಆಫೀಸು, ಅದೇ ರಿಲೀಸು, ರಾತ್ರಿ ಹತ್ತಕ್ಕೆ ಅಮೆರಿಕದವರ ಜೊತೆ ಕಾಲ್. ಆ ಬಾಗಿಲಿನ ಏಟು ನನಗೆ ನೆನಪಿನಿಂದಲೇ ಹೋಗಿತ್ತು.

ಮೆದುಳಿನಲ್ಲಿ ರಕ್ತಸ್ರಾವ ಅಂದ್ರೆ ನನ್ನ ತಲೆಯಲ್ಲಿ ಇದ್ದ ಚಿತ್ರವೇ ಬೇರೆ. ಸಿನಿಮಾದಲ್ಲಿ ತೋರಿಸ್ತಾರಲ್ಲ, ತಲೆ ಹಿಡಿದುಕೊಂಡು ಧೊಪ್ ಅಂತ ಬೀಳೋದು, ಮೂಗಲ್ಲಿ ರಕ್ತ, ಆಂಬುಲೆನ್ಸ್ ಸದ್ದು. ಅದು ನಿಧಾನವಾಗಿ, ಚಪ್ಪಲಿ ಹಾಕಿಕೊಂಡು, ಕಾಫಿ ಕುಡಿದುಕೊಂಡು, ವಾರಗಟ್ಟಲೆ ಮನೆಯೊಳಗೆ ಓಡಾಡಬಹುದು ಅಂತ ಯಾರೂ ನನಗೆ ಹೇಳಿರಲಿಲ್ಲ. ಅದಕ್ಕೇ ಇದನ್ನ ಬರೀತಿದ್ದೀನಿ. ನಾನು ಡಾಕ್ಟರ್ ಅಲ್ಲ, ಸಾಫ್ಟ್‌ವೇರ್ ಕೆಲಸದವನು. ಆದರೆ ನನ್ನ ಹಾಗೆ ಅಪ್ಪ ಅಮ್ಮನನ್ನ ಊರಲ್ಲಿ ಬಿಟ್ಟು ಭಾನುವಾರ ವಿಡಿಯೊ ಕಾಲ್ ಮಾಡುವವರು ಇದನ್ನ ಓದ್ತಿದ್ದರೆ, ಹತ್ತು ನಿಮಿಷ ಕೊಡಿ.

ಹಬ್ಬ ಆಗಿ ಎರಡು ವಾರಕ್ಕೆ ಅಮ್ಮ ಫೋನಲ್ಲಿ ಹೇಳಿದ್ರು, "ಅಪ್ಪಂಗೆ ತಲೆನೋವು ಕಣೋ, ಬೆಳಿಗ್ಗೆ ಎದ್ದ ತಕ್ಷಣ ಜಾಸ್ತಿ." ಕನ್ನಡಕದ ನಂಬರ್ ಬದಲಾಗಿರಬೇಕು ಅಂದೆ. ಮುಂದಿನ ಭಾನುವಾರ ಕಾಲ್ ಮಾಡಿದಾಗ ಅಪ್ಪ ಮಲಗಿದ್ದರು. ಬೆಳಿಗ್ಗೆ ಹನ್ನೊಂದು ಗಂಟೆ. ಮೂವತ್ತೈದು ವರ್ಷ ಪೋಸ್ಟ್ ಆಫೀಸಿನಲ್ಲಿ ಕೆಲಸ ಮಾಡಿದ ಮನುಷ್ಯ ನಮ್ಮಪ್ಪ. ನಿವೃತ್ತಿ ಆದ ಮೇಲೂ ಐದೂವರೆಗೆ ಏಳೋರು, ಹಗಲಲ್ಲಿ ಮಲಗಿದ್ದನ್ನ ನಾನು ನೋಡಿದ್ದೇ ಇಲ್ಲ. "ಮಲಗಲಿ ಬಿಡಿ, ಎಪ್ಪತ್ತೊಂದು ವರ್ಷ ಆಯ್ತಲ್ಲ" ಅಂದೆ.

ಅದರ ಮುಂದಿನ ವಾರ ಅಪ್ಪ ಫೋನಿಗೆ ಸಿಕ್ಕರು. "ಯಾವಾಗ ಬರ್ತೀಯ?" ಅಂತ ಕೇಳಿದರು. ಆಯುಧಪೂಜೆಗೆ ಅಂತ ಹೇಳಿದೆ. ಐದು ನಿಮಿಷ ಬಿಟ್ಟು ಮತ್ತೆ, "ಯಾವಾಗ ಬರ್ತೀಯ?" ನಾನು ಅದನ್ನೂ ನಕ್ಕು ಬಿಟ್ಟೆ. ಅಮ್ಮ ಊರಿನ ಡಾಕ್ಟರ ಹತ್ತಿರ ಕರಕೊಂಡು ಹೋಗಿದ್ದರು. ಬಿಪಿ ನೋಡಿ, ವಯಸ್ಸಿನ ಸುಸ್ತು ಅಂತ ಟಾನಿಕ್ ಬರೆದುಕೊಟ್ಟಿದ್ದರು. ತಲೆಗೆ ಏಟು ಬಿದ್ದಿತ್ತು ಅನ್ನೋದನ್ನ ಅಮ್ಮ ಹೇಳಿರಲಿಲ್ಲ. ಯಾಕೆ ಹೇಳ್ತಾರೆ? ತಿಂಗಳ ಹಿಂದಿನ ಬಾಗಿಲಿಗೂ ಇವತ್ತಿನ ಸುಸ್ತಿಗೂ ಸಂಬಂಧ ಇದೆ ಅಂತ ಯಾರಿಗೆ ಹೊಳೆಯುತ್ತೆ?

ಆಯುಧಪೂಜೆ ದಿನ ಬೆಳಿಗ್ಗೆ ಊರಿಗೆ ಹೋದ್ವಿ. ಕಾರಿಂದ ಇಳಿಯುತ್ತಿದ್ದ ಹಾಗೇ ಅಪ್ಪ ಗೇಟಿನ ತನಕ ಬಂದರು. ನನ್ನ ಹೆಂಡತಿ ಪಿಸುಗುಟ್ಟಿದಳು, "ರೀ, ಮಾವನ ಕಾಲು ನೋಡಿ." ಬಲಗಾಲಲ್ಲಿ ಚಪ್ಪಲಿ ಇತ್ತು. ಎಡಗಾಲಿನ ಚಪ್ಪಲಿ ನಾಲ್ಕು ಹೆಜ್ಜೆ ಹಿಂದೆ ಅಂಗಳದಲ್ಲೇ ಬಿದ್ದಿತ್ತು. ಕಾಲಿಂದ ಜಾರಿಹೋಗಿದ್ದು ಅವರಿಗೆ ಗೊತ್ತೇ ಆಗಿರಲಿಲ್ಲ.

ಒಳಗೆ ಹೋದರೆ ಟೀಪಾಯ್ ಮೇಲೆ ಪೇಪರುಗಳ ಕಟ್ಟು. ಅಪ್ಪ ದಿನಾ ಪದಬಂಧ ತುಂಬಿಸೋರು, ಅದೂ ಪೆನ್ನಲ್ಲಿ, ಅಳಿಸೋ ಮಾತೇ ಇಲ್ಲ. ಎರಡು ವಾರದ ಪದಬಂಧಗಳು ಖಾಲಿ ಇದ್ದವು. ಒಂದೆರಡರಲ್ಲಿ ಮಾತ್ರ ಮೂರ್ನಾಲ್ಕು ಅಕ್ಷರ.

ಪೂಜೆಗೆ ನಿಂತ್ವಿ. ಅಪ್ಪನ ಹಳೇ ಸ್ಕೂಟರು, ನನ್ನ ಕಾರು, ಲ್ಯಾಪ್‌ಟಾಪು ಎಲ್ಲದಕ್ಕೂ ಅಪ್ಪನೇ ಕುಂಕುಮ ಹಚ್ಚಬೇಕು, ಅದು ನಮ್ಮ ಮನೆ ಪದ್ಧತಿ. ಎಡಗೈಯಲ್ಲಿ ತಟ್ಟೆ ಹಿಡಿದು ಬಲಗೈಯಲ್ಲಿ ಕುಂಕುಮ ತೆಗೆದುಕೊಂಡರು. ತಟ್ಟೆ ನಿಧಾನಕ್ಕೆ ವಾಲ್ತಾ ಬಂತು. ಕುಂಕುಮ, ಅರಿಶಿನ, ಅಕ್ಷತೆ ಎಲ್ಲ ಪಂಚೆ ಮೇಲೆ ಸುರಿದು ನೆಲಕ್ಕೆ ಬಿತ್ತು. ಆಮೇಲೆ ತಟ್ಟೆ. ಅಪ್ಪ ಮಾತ್ರ ಸ್ಕೂಟರನ್ನೇ ನೋಡ್ತಾ ನಿಂತಿದ್ದರು, ತಟ್ಟೆ ಇನ್ನೂ ಕೈಯಲ್ಲೇ ಇದೆ ಅನ್ನೋ ಹಾಗೆ.

ಅಮ್ಮ ಅಳೋಕೆ ಶುರು ಮಾಡಿದರು. ಆಗ ಒಂದೊಂದೇ ಹೊರಗೆ ಬಂತು. ವಾರದಿಂದ ಅಂಗಿ ಗುಂಡಿ ಅಮ್ಮನೇ ಹಾಕ್ತಾ ಇದ್ದರಂತೆ. ರಾತ್ರಿ ಬಚ್ಚಲಿಗೆ ಹೋಗುವಾಗ ಗೋಡೆ ಹಿಡಿದುಕೊಂಡು ಹೋಗ್ತಿದ್ದರಂತೆ. "ಮತ್ತೆ ನಂಗ್ಯಾಕೆ ಹೇಳಲಿಲ್ಲ ಅಮ್ಮಾ?" ಅಂದೆ. "ನಿಂಗೆ ಆಫೀಸಲ್ಲಿ ಟೆನ್ಷನ್ ಇರತ್ತೆ, ಅದರ ಮೇಲೆ ಇದೊಂದು ಯಾಕೆ ಅಂತ."

ಎಲ್ಲೋ ಓದಿದ್ದು ನೆನಪಾಗಿ, "ಅಪ್ಪಾ, ಎರಡೂ ಕೈ ಮುಂದಕ್ಕೆ ಚಾಚಿ ಕಣ್ಣು ಮುಚ್ಚಿ" ಅಂದೆ. "ಯಾಕೋ, ಏನ್ ಪರೀಕ್ಷೆ ಮಾಡ್ತೀಯ ನಂಗೆ?" ಅಂತ ಗೊಣಗಿಕೊಂಡೇ ಚಾಚಿದರು. ಬಲಗೈ ಹಾಗೇ ನಿಂತಿತ್ತು. ಎಡಗೈ ಮೆಲ್ಲಗೆ ತಿರುಗಿ ಕೆಳಗೆ ಇಳೀತಾ ಬಂತು. ಅವರಿಗೆ ಅದೂ ಗೊತ್ತಾಗಲಿಲ್ಲ.

ಅರಸೀಕೆರೆಯಿಂದ ಹಾಸನ ಸುಮಾರು 40 ಕಿಲೋಮೀಟರ್. ದಾರಿಯುದ್ದಕ್ಕೂ ಬಾಳೆಕಂದು ಕಟ್ಟಿಕೊಂಡ ಲಾರಿ, ಬಸ್ಸು. ಹಿಂದಿನ ಸೀಟಲ್ಲಿ ಅಪ್ಪ ನನ್ನ ಚಿಕ್ಕಪ್ಪನ ಹೆಸರು ಹಿಡಿದು ನನ್ನನ್ನ ಕರೆದರು. ಕನ್ನಡಿಯಲ್ಲಿ ಅಮ್ಮನ ಮುಖ ನೋಡೋಕೆ ನನಗೆ ಧೈರ್ಯ ಬರಲಿಲ್ಲ.

ಹಾಸನದ ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆ: "ಇತ್ತೀಚೆಗೆ ಎರಡು ಮೂರು ತಿಂಗಳಲ್ಲಿ ತಲೆಗೆ ಏನಾದ್ರೂ ಏಟು ಬಿದ್ದಿತ್ತಾ?" ಇಲ್ಲ ಅಂತ ಅಮ್ಮ ತಲೆ ಆಡಿಸಿದರು. ನನಗೆ ಆಗ ಉಗ್ರಾಣದ ಬಾಗಿಲು ನೆನಪಾಯ್ತು. ಎರಡನೇ ಪ್ರಶ್ನೆ: "ರಕ್ತ ತೆಳು ಮಾಡೋ ಮಾತ್ರೆ ತಗೋತಾರಾ?" ನಾಲ್ಕು ವರ್ಷದ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿಸಿದಾಗಿನಿಂದ ಅಪ್ಪ ದಿನಾ ಆಸ್ಪಿರಿನ್ ತಗೋತಾರೆ. ಡಾಕ್ಟರು ಸಿ.ಟಿ. ಸ್ಕ್ಯಾನಿಗೆ ಬರೆದರು.

ಸ್ಕ್ಯಾನು ನಿಮಿಷಗಳಲ್ಲಿ ಮುಗೀತು. ಪರದೆಯಲ್ಲಿ ತೋರಿಸಿದರು. ತಲೆಬುರುಡೆ ಬೆಳ್ಳಗೆ, ಒಳಗೆ ಬೂದುಬಣ್ಣದ ಮೆದುಳು. ಬಲಗಡೆ ಬುರುಡೆಗೂ ಮೆದುಳಿಗೂ ಮಧ್ಯೆ ಬಿದಿಗೆ ಚಂದ್ರನ ಆಕಾರದಲ್ಲಿ ಒಂದು ಕಪ್ಪು ಪಟ್ಟಿ. ಹೊಸ ರಕ್ತ ಸ್ಕ್ಯಾನಿನಲ್ಲಿ ಬೆಳ್ಳಗೆ ಕಾಣುತ್ತಂತೆ, ಹಳೆಯದಾದಷ್ಟೂ ಕಪ್ಪಾಗುತ್ತಂತೆ. ಇದು ಹಳೇದು. ಅದು ಒತ್ತಿ ಒತ್ತಿ ಮೆದುಳಿನ ಮಧ್ಯದ ಗೆರೆಯನ್ನೇ ಎಡಕ್ಕೆ ತಳ್ಳಿತ್ತು. ಮೆದುಳಿನ ಬಲಭಾಗ ದೇಹದ ಎಡಭಾಗವನ್ನ ನೋಡಿಕೊಳ್ಳುತ್ತೆ. ಹಾಗಾಗಿ ಎಡಗೈ, ಎಡಗಾಲು, ಎಡಗಾಲಿನ ಚಪ್ಪಲಿ.

ಇದಕ್ಕೆ ಕ್ರಾನಿಕ್ ಸಬ್‌ಡ್ಯೂರಲ್ ಹೆಮಟೋಮಾ ಅಂತಾರೆ. ಡಾಕ್ಟರು ನನಗೆ ಬಿಡಿಸಿ ಹೇಳಿದ್ದು ಹೀಗೆ. ಮೆದುಳಿನ ಮೇಲೆ ಡ್ಯೂರಾ ಅನ್ನೋ ಗಟ್ಟಿ ಪೊರೆ ಇರುತ್ತೆ. ಮೆದುಳಿನಿಂದ ಆ ಪೊರೆಗೆ ಸಣ್ಣ ಸಣ್ಣ ರಕ್ತನಾಳಗಳು ಸೇತುವೆ ಥರ ಹೋಗುತ್ತವೆ. ವಯಸ್ಸಾದ ಹಾಗೆ ಎಲ್ಲರ ಮೆದುಳೂ ಸ್ವಲ್ಪ ಸ್ವಲ್ಪ ಕುಗ್ಗುತ್ತೆ, ಮಧ್ಯದ ಜಾಗ ಜಾಸ್ತಿಯಾಗುತ್ತೆ, ಈ ನಾಳಗಳು ಎಳೆದು ಕಟ್ಟಿದ ದಾರದ ಹಾಗೆ ಬಿಗಿಯಾಗುತ್ತವೆ. ಆಗ ಸಣ್ಣ ಏಟೂ ಸಾಕು. ಒಂದು ನಾಳ ಹರಿದರೆ ರಕ್ತ ಚಿಮ್ಮೋದಿಲ್ಲ, ಸರಿಯಾಗಿ ತಿರುಗಿಸದ ನಲ್ಲಿ ಥರ ಜಿನುಗುತ್ತೆ. ದೇಹ ಆ ರಕ್ತದ ಸುತ್ತ ಒಂದು ಪೊರೆ ಕಟ್ಟುತ್ತೆ. ಆ ಪೊರೆಯಲ್ಲಿ ಹುಟ್ಟುವ ಹೊಸ ನಾಳಗಳೂ ದುರ್ಬಲ, ಅವೂ ಸೋರುತ್ತವೆ. ಹೀಗೆ ವಾರಗಳ ಕಾಲ ಬೆಳೆಯುತ್ತೆ. ರಕ್ತ ತೆಳು ಮಾಡೋ ಮಾತ್ರೆ, ಅತಿಯಾದ ಕುಡಿತ, ಇವೆರಡೂ ಅಪಾಯ ಹೆಚ್ಚಿಸುತ್ತವೆ.

"ಮರೆವು, ನಿದ್ದೆ, ನಡಿಗೆ ತಪ್ಪೋದು. ಎಲ್ಲಾ ವಯಸ್ಸಿನ ಕಾಯಿಲೆ ಥರಾನೇ ಕಾಣುತ್ತೆ. ಅರಳುಮರಳು ಅಂತ ಮನೆಯವರು ಸುಮ್ನಿದ್ದುಬಿಡ್ತಾರೆ," ಅಂದರು ಡಾಕ್ಟರು. ಅವರು ನನ್ನನ್ನ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅವತ್ತೇ ಸಂಜೆ ಆಪರೇಷನ್ ಅಂತ ತೀರ್ಮಾನವಾಯ್ತು. ತಲೆಬುರುಡೆಗೆ ಎರಡು ಸಣ್ಣ ತೂತು ಕೊರೆದು ಸೇರಿಕೊಂಡಿರೋ ರಕ್ತವನ್ನ ಹೊರಗೆ ಬಿಡೋದು. ಕೇಳೋಕೆ ಭಯಾನಕ, ಆದರೆ ನರಶಸ್ತ್ರಚಿಕಿತ್ಸಕರು ಪದೇ ಪದೇ ಮಾಡುವ ಆಪರೇಷನ್ನು ಅಂತೆ. ಒಪ್ಪಿಗೆ ಪತ್ರಕ್ಕೆ ಅಮ್ಮ ಸಹಿ ಹಾಕುವಾಗ ಕೈ ನಡುಗಿ ಅಕ್ಷರ ಗೆರೆ ಬಿಟ್ಟು ಹೋಯ್ತು. ಸ್ಟೆಂಟ್ ಇರೋದರಿಂದ ಆಸ್ಪಿರಿನ್ ವಿಚಾರವನ್ನ ಹೃದಯದ ಡಾಕ್ಟರ ಜೊತೆ ಫೋನಲ್ಲಿ ಮಾತಾಡಿಯೇ ಅವರು ಮುಂದುವರಿದರು. ಇದನ್ನ ಯಾಕೆ ಹೇಳ್ತಿದ್ದೀನಿ ಅಂದ್ರೆ, ಈ ಬರಹ ಓದಿ ಯಾರೂ ತಮ್ಮ ಅಪ್ಪನ ಮಾತ್ರೆಯನ್ನ ತಾವೇ ನಿಲ್ಲಿಸಬೇಡಿ. ಅದು ಡಾಕ್ಟರು ಮಾಡಬೇಕಾದ ತೀರ್ಮಾನ.

ಆಪರೇಷನ್ ಥಿಯೇಟರಿನ ಹೊರಗೆ ಕೂತಾಗ ಫೋನ್ ತೆಗೆದು ಅಮ್ಮನ ಜೊತೆಗಿನ ವಾಟ್ಸ್ಆ್ಯಪ್ ಚಾಟ್ ಹಿಂದಕ್ಕೆ ಸರಿಸ್ತಾ ಹೋದೆ. "ಅಪ್ಪ ಮಲಗಿದ್ದಾರೆ." "ಅಪ್ಪನಿಗೆ ತಲೆನೋವು." "ಅಪ್ಪ ಇನ್ನೂ ಮಲಗಿದ್ದಾರೆ, ಸಾಯಂಕಾಲ ಮಾಡು." "ಇವತ್ತು ತಿಂಡಿ ತಿನ್ನಲಿಲ್ಲ." ಐದು ವಾರದ ಪೂರ್ತಿ ದಾಖಲೆ, ತಾರೀಕು ಗಂಟೆ ಸಮೇತ, ನನ್ನ ಜೇಬಲ್ಲೇ ಇತ್ತು. ಪ್ರತಿಯೊಂದಕ್ಕೂ ನಾನು ಹೆಬ್ಬೆಟ್ಟಿನ ಗುರುತು ಹಾಕಿದ್ದೆ. ಆಫೀಸಲ್ಲಿ ಒಂದು ಸರ್ವರ್ ನಿಧಾನವಾದರೆ ರಾತ್ರಿ ಎರಡು ಗಂಟೆಗೆ ಎದ್ದು ಲಾಗ್ ನೋಡ್ತೀನಿ, ಯಾವತ್ತಿನಿಂದ ಶುರುವಾಯ್ತು, ಅದಕ್ಕೆ ಮುಂಚೆ ಏನು ಬದಲಾಯ್ತು ಅಂತ ಹುಡುಕ್ತೀನಿ. ಅಪ್ಪ ನಿಧಾನವಾದಾಗ ವಯಸ್ಸಾಯ್ತು ಅಂದುಬಿಟ್ಟೆ.

ಒಳಗಿಂದ ಬಂದ ಡಾಕ್ಟರು, ಹಳೇ ಎಂಜಿನ್ ಆಯಿಲ್ ಥರ ಕಪ್ಪು ದ್ರವ ಬಂತು, ಮೆದುಳು ಮೇಲೇಳ್ತಾ ಇದೆ ಅಂದರು. ಮರುದಿನ ವಿಜಯದಶಮಿ. ತಲೆಗೆ ಬ್ಯಾಂಡೇಜು, ಪಕ್ಕದಲ್ಲಿ ರಕ್ತ ಇಳಿಯೋಕೆ ಒಂದು ಪೈಪು. ಅಪ್ಪ ಕಣ್ಣು ಬಿಟ್ಟು ನನ್ನನ್ನ ನನ್ನ ಹೆಸರಿನಿಂದಲೇ ಕರೆದರು. ಆಮೇಲೆ, "ಸ್ಕೂಟರಿಗೆ ಪೂಜೆ ಆಯ್ತೇನೋ?" ಅಂದರು. ನಾನು ಹೊರಗೆ ಹೋಗಿ ಕಾರಿಡಾರಿನಲ್ಲಿ ನಿಂತು ಅತ್ತೆ.

ಎಲ್ಲರಿಗೂ ಹೀಗೇ ಆಗೋದಿಲ್ಲ ಅನ್ನೋದು ನನಗೆ ಗೊತ್ತು. ಇನ್ನೂ ತಡವಾಗಿದ್ದರೆ ಅಪ್ಪ ಎಚ್ಚರ ತಪ್ಪುತ್ತಿದ್ದರು, ಜೀವಕ್ಕೇ ಅಪಾಯ ಆಗ್ತಿತ್ತು. ಆಪರೇಷನ್ ಆದ ಮೇಲೂ ಕೆಲವರಿಗೆ ಮತ್ತೆ ರಕ್ತ ಸೇರಿಕೊಳ್ಳುತ್ತೆ. ಅದಕ್ಕೆ ಅಪ್ಪನಿಗೂ ಮತ್ತೆ ಸ್ಕ್ಯಾನ್ ಮಾಡಿಸಿದ್ವಿ.

ಆಸ್ಪತ್ರೆಯಲ್ಲಿ ಕಾಯುವಾಗ ಒಂದು ವಿಷಯ ಓದಿದೆ. ಸಿ.ಟಿ. ಸ್ಕ್ಯಾನ್ ಕಂಡುಹಿಡಿದ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಡಾಕ್ಟರ್ ಅಲ್ಲ, ಇಂಜಿನಿಯರ್. ಮುಂಚೆ ಕಂಪ್ಯೂಟರ್ ಕಟ್ಟುವ ಕೆಲಸ ಮಾಡಿದ್ದವರು. 1971ರಲ್ಲಿ ಲಂಡನ್ನಿನ ಒಂದು ಆಸ್ಪತ್ರೆಯಲ್ಲಿ ಮೊದಲ ಸಲ ರೋಗಿಯೊಬ್ಬರ ಮೆದುಳನ್ನ ಹೀಗೆ ನೋಡಿದರು. 1979ರಲ್ಲಿ ಅವರಿಗೂ ಅಲನ್ ಕಾರ್ಮಾಕ್‌ಗೂ ನೊಬೆಲ್ ಬಂತು. ಅದಕ್ಕೆ ಮುಂಚೆ ಬುರುಡೆಯೊಳಗೆ ಸೋರಿದ ರಕ್ತವನ್ನ ಇಷ್ಟು ಸುಲಭವಾಗಿ ನೋಡೋಕೆ ದಾರಿಯೇ ಇರಲಿಲ್ಲ. ಈಗ ಜಿಲ್ಲಾ ಕೇಂದ್ರದಲ್ಲೇ ಆ ಯಂತ್ರ ಇದೆ. ಆದರೆ ಅದರ ಹತ್ತಿರ ಕರಕೊಂಡು ಹೋಗೋದು ಮನೆಯವರ ಕೈಯಲ್ಲೇ ಇದೆ.

ಆಮೇಲೆ ನಾನು ಡಾಕ್ಟರನ್ನ ಕೇಳಿ ತಿಳಿದುಕೊಂಡಿದ್ದನ್ನ ಇಲ್ಲಿ ಹಂಚಿಕೊಳ್ತೀನಿ.

ಮೊದಲನೇದು, ಅಪ್ಪನ ಥರದ ನಿಧಾನದ ರಕ್ತಸ್ರಾವ. ವಯಸ್ಸಾದವರಿಗೆ, ಅದರಲ್ಲೂ ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳುವವರಿಗೆ ತಲೆಗೆ ಸಣ್ಣ ಏಟು ಬಿದ್ದರೂ ಅದನ್ನ ಕ್ಯಾಲೆಂಡರಿನಲ್ಲಿ ಬರೆದಿಡಿ, ಡಾಕ್ಟರಿಗೆ ತಿಳಿಸಿ. ಮುಂದಿನ ವಾರಗಳಲ್ಲಿ ಬಿಡದ ತಲೆನೋವು, ಹಗಲು ನಿದ್ದೆ, ಹೊಸದಾಗಿ ಬಂದ ಮರೆವು, ಮಾತು ತಡವರಿಸೋದು, ಒಂದು ಕಾಲು ಎಳೆಯೋದು, ಕೈಯಿಂದ ವಸ್ತು ಜಾರೋದು ಕಂಡರೆ ಏಟಿನ ವಿಷಯ ಹೇಳಿಯೇ ತೋರಿಸಿ. ಎಷ್ಟೋ ಜನಕ್ಕೆ ಏಟು ಬಿದ್ದಿದ್ದೇ ನೆನಪಿರೋದಿಲ್ಲವಂತೆ. ವಯಸ್ಸಿನ ಮರೆವು ವರ್ಷಗಟ್ಟಲೆ ನಿಧಾನಕ್ಕೆ ಬರುತ್ತೆ. ಒಂದು ತಿಂಗಳಲ್ಲಿ ಮನುಷ್ಯ ಬದಲಾದರೆ ಅದಕ್ಕೆ ಬೇರೆ ಕಾರಣ ಹುಡುಕಬೇಕು.

ಎರಡನೇದು, ಇದ್ದಕ್ಕಿದ್ದಂತೆ ಆಗೋದು. ಮುಖ್ಯ ಕಾರಣ ಹತೋಟಿಯಲ್ಲಿ ಇಲ್ಲದ ಬಿಪಿ. ಮುಖ ಒಂದು ಕಡೆ ಜೋತುಬೀಳೋದು, ಒಂದು ಕೈ ಅಥವಾ ಕಾಲಿನಲ್ಲಿ ಬಲ ಹೋಗೋದು, ಮಾತು ತೊದಲೋದು ಅಥವಾ ಅರ್ಥವಾಗದಿರೋದು, ದೃಷ್ಟಿ ಮಂಜಾಗೋದು, ನಿಲ್ಲೋಕೆ ಆಗದೆ ವಾಲೋದು, ಜೊತೆಗೆ ಜೋರು ತಲೆನೋವು, ವಾಂತಿ, ಮಂಪರು, ಫಿಟ್ಸ್. ರಕ್ತ ಹೆಪ್ಪುಗಟ್ಟಿ ಆಗುವ ಸ್ಟ್ರೋಕಿನಲ್ಲೂ ಇದರಲ್ಲಿ ಬಹಳಷ್ಟು ಲಕ್ಷಣ ಕಾಣುತ್ತವೆ. ಯಾವುದು ಅಂತ ಹೊರಗಿಂದ ನೋಡಿ ಹೇಳೋಕೆ ಆಗಲ್ಲ, ಸ್ಕ್ಯಾನೇ ಬೇಕು. ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದೇ ಇಂಜೆಕ್ಷನ್ ರಕ್ತಸ್ರಾವ ಆಗ್ತಿರೋರಿಗೆ ಪ್ರಾಣಾಂತಿಕ. ಹಾಗಾಗಿ ಮನೆಯಲ್ಲೇ ಆಸ್ಪಿರಿನ್ ನುಂಗಿಸೋ ಸಾಹಸ ಬೇಡ.

ಮೂರನೇದು, ನಮ್ಮ ವಯಸ್ಸಿನವರಿಗೂ ಬರೋದು. ಮೆದುಳಿನ ರಕ್ತನಾಳದಲ್ಲಿ ಉಬ್ಬಿದ ಜಾಗ ಒಡೆದರೆ ಸಿಡಿಲು ಹೊಡೆದ ಹಾಗೆ ತಲೆನೋವು ಬರುತ್ತೆ. ಕೆಲವೇ ಸೆಕೆಂಡುಗಳಲ್ಲಿ ತುತ್ತತುದಿಗೆ ಹೋಗುತ್ತೆ. "ಜೀವನದಲ್ಲೇ ಇಂಥಾ ತಲೆನೋವು ಬಂದಿರಲಿಲ್ಲ" ಅಂತ ರೋಗಿಗಳೇ ಹೇಳ್ತಾರಂತೆ. ಕುತ್ತಿಗೆ ಬಿಗಿಯೋದು, ವಾಂತಿ, ಬೆಳಕು ನೋಡೋಕಾಗದೆ ಇರೋದು ಜೊತೆಗಿರಬಹುದು. ಮೈಗ್ರೇನ್ ಇರಬೇಕು ಅಂತ ಮಾತ್ರೆ ನುಂಗಿ ಮಲಗೋ ತಲೆನೋವಲ್ಲ ಅದು.

ನಾಲ್ಕನೇದು, ಬೈಕಿಂದ ಬಿದ್ದವರು. ಎದ್ದು ಕೂತು ಮಾತಾಡಿ, "ಐ ಆ್ಯಮ್ ಫೈನ್ ಮಚಾ" ಅಂದು ಮನೆಗೆ ಹೋಗಿ, ಕೆಲವು ಗಂಟೆ ಆದ ಮೇಲೆ ಎಚ್ಚರ ತಪ್ಪಬಹುದು. ಒಳಗಿನ ರಕ್ತ ಆ ಗಂಟೆಗಳಲ್ಲಿ ಸೇರ್ತಾ ಇರುತ್ತೆ. ಹೆಚ್ಚಾಗುವ ತಲೆನೋವು, ಪದೇ ಪದೇ ವಾಂತಿ, ಮಂಪರು, ಗೊಂದಲದ ಮಾತು, ಒಂದು ಕಣ್ಣಿನ ಪಾಪೆ ದೊಡ್ಡದಾಗೋದು, ಕಿವಿ ಮೂಗಿನಿಂದ ರಕ್ತ ಅಥವಾ ನೀರಿನಂಥ ದ್ರವ ಸೋರೋದು ಕಂಡರೆ ಆಸ್ಪತ್ರೆಗೆ ಓಡಬೇಕು. ತಲೆಗೆ ಏಟು ಬಿದ್ದ ಸ್ನೇಹಿತನನ್ನ ಆ ರಾತ್ರಿ ಪಿಜಿಯಲ್ಲಿ ಒಬ್ಬನೇ ಬಿಡಬೇಡಿ. ಹೆಲ್ಮೆಟ್ಟಿನ ಪಟ್ಟಿ ಹಾಕಿಕೊಳ್ಳಿ ಅಂತ ಬೇರೆ ಹೇಳಬೇಕಾಗಿಲ್ಲ.

ಇವುಗಳಲ್ಲಿ ಯಾವುದೇ ಕಂಡರೆ 108ಕ್ಕೆ ಫೋನ್ ಮಾಡಿ. ಕರ್ನಾಟಕದಲ್ಲಿ 2008ರಿಂದ ಈ ಆಂಬುಲೆನ್ಸ್ ಸೇವೆ ಇದೆ, ದುಡ್ಡು ಕೊಡಬೇಕಾಗಿಲ್ಲ. ಕೊನೆಯ ಸಲ ಅವರು ಸರಿಯಾಗಿದ್ದದ್ದು ಎಷ್ಟು ಗಂಟೆಗೆ ಅಂತ ಬರೆದುಕೊಳ್ಳಿ. ದಿನಾ ತಗೊಳ್ಳೋ ಮಾತ್ರೆಗಳ ಫೋಟೊ ನಿಮ್ಮ ಫೋನಲ್ಲಿರಲಿ. ನೀರು, ಕಾಫಿ, ಊಟ ಏನೂ ಕೊಡಬೇಡಿ, ನುಂಗೋ ಶಕ್ತಿ ಹೋಗಿದ್ದರೆ ಶ್ವಾಸಕೋಶಕ್ಕೆ ಹೋಗುತ್ತೆ. ಮಂಪರಿದ್ದು ವಾಂತಿ ಬರ್ತಿದ್ದರೆ ಪಕ್ಕಕ್ಕೆ ತಿರುಗಿಸಿ ಮಲಗಿಸಿ. ಸಾಧ್ಯವಾದಷ್ಟೂ ಸಿ.ಟಿ. ಸ್ಕ್ಯಾನ್ ಇರೋ ಆಸ್ಪತ್ರೆಗೇ ಹೋಗಿ. ಬೆರಳ ತುದಿಗೆ ಸೂಜಿ ಚುಚ್ಚಿ ರಕ್ತ ತೆಗೆದರೆ ಸ್ಟ್ರೋಕ್ ಸರಿಹೋಗುತ್ತೆ ಅನ್ನೋ ಫಾರ್ವರ್ಡ್ ನಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿತ್ತು. ಅದು ಶುದ್ಧ ಸುಳ್ಳು, ಅಮೂಲ್ಯ ಸಮಯ ಹಾಳು ಮಾಡುತ್ತೆ ಅಷ್ಟೆ.

ಈಗ ಅಪ್ಪ ಚೆನ್ನಾಗಿದ್ದಾರೆ. ಉಗ್ರಾಣದ ಬಾಗಿಲಿನ ಮೇಲ್ಗಡೆಗೆ ಸ್ಪಂಜು ಸುತ್ತಿ ಕೆಂಪು ಬಟ್ಟೆ ಕಟ್ಟಿದ್ದೀನಿ. ನೋಡಿದವರೆಲ್ಲ ಯಾವ ದೇವರದ್ದು ಅಂತ ಕೇಳ್ತಾರೆ. ಅಮ್ಮನ ಜೊತೆ ಒಂದು ಒಪ್ಪಂದ ಆಗಿದೆ: ನನ್ನ ಟೆನ್ಷನ್ ಬಗ್ಗೆ ಅವರು ಯೋಚನೆ ಮಾಡೋ ಹಾಗಿಲ್ಲ, ಚಿಕ್ಕದಾದರೂ ಹೇಳಬೇಕು. ನನ್ನ ಕಡೆಯಿಂದ, ಹೆಬ್ಬೆಟ್ಟು ಒತ್ತಿ ಸುಮ್ಮನಾಗೋದನ್ನ ಬಿಟ್ಟಿದ್ದೀನಿ.

ಭಾನುವಾರದ ಕಾಲ್ ಈಗಲೂ ಇದೆ. ಮಾತು ಶುರುವಾಗೋ ಮುಂಚೆ ಫೋನನ್ನ ದೂರ ಇಟ್ಟು ಅಪ್ಪನನ್ನ ಅಂಗಳದಲ್ಲಿ ಒಂದು ಸುತ್ತು ನಡೆಸ್ತೀನಿ. "ಏನೋ ಇದು ಪರೇಡು" ಅಂತ ಬೈಕೊಂಡೇ ನಡೀತಾರೆ. ಆಮೇಲೆ ಪದಬಂಧದ ಸುಳಿವೊಂದನ್ನ ಓದಿ ನನಗೆ ಕೇಳ್ತಾರೆ. ನನಗೆ ಗೊತ್ತಾಗೋದಿಲ್ಲ. ಅವರೇ ಉತ್ತರ ಹೇಳ್ತಾರೆ.

ಈ ಭಾನುವಾರ ನೀವೂ ಊರಿಗೆ ಫೋನ್ ಮಾಡ್ತೀರಲ್ಲ? ಊಟ ಆಯ್ತಾ ಅಂತ ಕೇಳಿದ ಮೇಲೆ, ಒಂದು ನಿಮಿಷ ಅವರು ನಡೆಯೋದನ್ನೂ ನೋಡಿ.